ಹೊಲಿಗೆ ಬಿಚ್ಚಿ ಕೊಟ್ಟ ಅಕ್ಕಾರಿಗೆ

ಅಡುಗೆಮನೆ ಗೋಡೆಯ ಮೇಲಿನ ಡಯಟ್ ಚಾರ್ಟು ಇಳಿಸಿ ಈ ಉಗಾದಿಗೆ ವರ್ಷ ತುಂಬಿತು. ತೂಕ ಇಳಿಸುವ ಹಟದಲ್ಲಿ ಊಟ ಬಿಟ್ಟು, ನನ್ನ ಮೈಯನ್ನೇ ಹೇಸಿಕೊಂಡು ಕಂಗೆಟ್ಟಿದ್ದವಳು ನಾನು. ವಿಚಾರಿಸಲು ಬಂದವರು, ಉಣಕಲ್ ಕೆರೆಯ ದಂಡೆಯಲ್ಲಿ ತೂಕದ ಮಾತೆತ್ತದೆ ಜೊತೆಗೆ ನಡೆದ ಗೆಳತಿಯರು, ರಜೆ ಕೊಟ್ಟ ಆಫೀಸಿನವರು, ಮನೆಮಂದಿ, ಎಲ್ಲರಿಗೂ ಶರಣು.

ಈ ಬರಹ ಮಾತ್ರ ನಮ್ಮ ಓಣಿಯ ಟೇಲರ್ ಅಕ್ಕಾರಿಗೆ.

ಮದುವೆಯ ಹಿಂದಿನ ರಾತ್ರಿ ಖಣದ ಕುಪ್ಪಸದ ಹುಕ್ಕು ಕೂಡಲಿಲ್ಲ. ಊಟ ಬಿಟ್ಟು ಕೂತ ನನ್ನ ಮುಂದೆ ಅಕ್ಕಾರು ಟೇಪು ಹಿಡಿದು ನಿಂತರು. "ತಂಗಿ, ಉಸಿರ ಬಿಡು. ಹೊಟ್ಟಿ ಒಳಗ ಎಳಕೊಂಡ್ರ ಅಳತಿ ಸುಳ್ಳಾಗತದ." ಬಂದ ಅಂಕಿಯನ್ನು ಗಟ್ಟಿಯಾಗಿ ಓದಲಿಲ್ಲ, ಚೀಟಿಯಲ್ಲಿ ಬರೆದುಕೊಂಡರು. ಅಂಗಡಿಯಲ್ಲಿ ನಾಲ್ಕು ಜನರೆದುರು 'ನಿಮ್ಮ ಸೈಜ್ ಬರಂಗಿಲ್ರಿ' ಅನ್ನಿಸಿಕೊಂಡವರಿಗೆ ಆ ಮರ್ಯಾದೆಯ ಬೆಲೆ ಗೊತ್ತು.

ಕೆಲಸದ ರೀತಿಯನ್ನೂ ಬರೆಯಬೇಕು, ಬಹಳ ಮಂದಿಗೆ ಉಪಯೋಗ ಆದೀತು. ಹಳೆ ಹೊಲಿಗೆಯನ್ನು ಅವರು ಮೊದಲೇ ಬಿಚ್ಚಲಿಲ್ಲ. ಬಿಚ್ಚಿದರೆ ಮುಂಭಾಗ, ಬೆನ್ನು, ಅಸ್ತರು (ಒಳಪದರದ ಬಟ್ಟೆ) ಮೂರೂ ಸರಿದಾಡುತ್ತವೆ. ಹಳೆ ಗೆರೆಯಿಂದ ಅರ್ಧ ಇಂಚು ಅಂಚಿನ ಕಡೆಗೆ ಸೀಮೆಸುಣ್ಣ ಎಳೆದು, ಸೊಂಟದಿಂದ ಬಗಲು ದಾಟಿ ತೋಳಿನ ತುದಿಯವರೆಗೆ ಒಂದೇ ಓಟದಲ್ಲಿ ಹೊಸ ಹೊಲಿಗೆ ಹಾಕಿದರು. ಹಳೆಯದನ್ನು ಬಿಚ್ಚಿದ್ದು ಆಮೇಲೆ. ಒಂದೊಂದು ಬದಿಗೆ ಮುಂದಿನ ಪದರದಲ್ಲಿ ಅರ್ಧ, ಹಿಂದಿನದರಲ್ಲಿ ಅರ್ಧ. ಎರಡೂ ಬದಿ ಸೇರಿ ಎದೆಸುತ್ತಿಗೆ 2 ಇಂಚು ಸಿಕ್ಕಿತು. ತೋಳಿಗೆ ಹೊಲಿಗೆ ಒಂದೇ, ಹಾಗಾಗಿ ಅಲ್ಲಿ 1 ಇಂಚು ಮಾತ್ರ. ಎದೆಗೆ ಸರಿಹೋದ ಕುಪ್ಪಸ ರಟ್ಟೆಗೆ ಇನ್ನೂ ಕಚ್ಚುವುದು ಇದಕ್ಕೇ. ತನ್ನ ತೋಳನ್ನೇ ಶಪಿಸಿಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅಷ್ಟೂ ಸಾಲದಿದ್ದರೆ ಬಗಲು ಬಿಚ್ಚಿ ಅದೇ ಬಟ್ಟೆಯ ಚೌಕ ತುಂಡು ಕೂಡಿಸಬಹುದು.

ಹುಕ್ಕು ಕೂಡಿದ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ ಎದುರಿಗೇ ಕೂತರು. ಉಂಡು ಮುಗಿಯುವತನಕ ಎದ್ದುಹೋಗಲಿಲ್ಲ. ಆ ಹೊತ್ತಿಗೆ ನನಗೆ ನನ್ನ ಮೈ ಕಂಡರೇ ಹೇಸಿಗೆ. ಬರೆಯಲು ಈಗಲೂ ಕೈ ನಡುಗುತ್ತದೆ. ಅವರು ಬುದ್ಧಿ ಹೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದರು.

ಆಹಾರತಜ್ಞೆಗೂ ನಾನು ಋಣಿ. ಚಾರ್ಟಿನ 900 ಕ್ಯಾಲೊರಿಯ ಪಕ್ಕದಲ್ಲಿ ಅವರು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಲೆಕ್ಕ ಇಟ್ಟರು: ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೂ ದಿನಕ್ಕೆ 1,660 ಬೇಕು. ಮೊದಲ ವಾರ ಸರ್ರನೆ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಮೈಯೊಳಗೆ ಕೂಡಿಟ್ಟ ಸಕ್ಕರೆಯಂಥ ಗ್ಲೈಕೊಜೆನ್ ಕರಗುವಾಗ ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ಹೊಟ್ಟೆ ತುಂಬ ಉಣ್ಣಲು ಶುರು ಮಾಡಿದರೆ ಮರಳಿ ಬರುತ್ತದೆ. ಆ ಏರಿಕೆಯ ತಪ್ಪನ್ನೆಲ್ಲ ರೊಟ್ಟಿಯ ತಲೆಗೆ ಕಟ್ಟುತ್ತೇವೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇದೆ.

ಅಕ್ಕಾರ, ಈಗ ಓಣಿಯ ಹೆಂಗಸರು ತಾವಾಗಿಯೇ 'ಒಳಗ ಒಂದೂವರಿ ಇಂಚು ಮಾರ್ಜಿನ್ ಬಿಡ್ರಿ' ಅನ್ನುತ್ತಾರೆ. ಅಸ್ತರು ಆಮೇಲೆ ಕುಗ್ಗಬಾರದೆಂದು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ತರುತ್ತಾರೆ. ಆ ರಾತ್ರಿಯ ಕೂಲಿ ನೀವು ತೊಗೊಳ್ಳಲೇ ಇಲ್ಲ. ಪಂಚಮಿಗೆ ಉಂಡಿ ಕಟ್ಟಿಕೊಂಡು ಬರ್ತೀನ್ರಿ, ಅದನ್ನರ ಬ್ಯಾಡ ಅನಬ್ಯಾಡ್ರಿ.