ಅದು ಹೆದರಿಸುವ ಸಂಗೀತ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಯುವ ಪುರವಣಿಯಲ್ಲಿ ‘ಎವ್ರಿವೇರ್ ಅಟ್ ದಿ ಎಂಡ್ ಆಫ್ ಟೈಮ್’ ಅನ್ನುವ ಸಂಗೀತ ಆಲ್ಬಂ ಬಗ್ಗೆ ಬಂದ ಬರಹ ಓದಿದೆ. ಅದನ್ನು ‘ಧೈರ್ಯ ಇದ್ದವರು ಮಾತ್ರ ಕೇಳಿ’ ಅಂತ ಪರಿಚಯಿಸಿದ್ದು ನನಗೆ ತುಂಬಾ ಬೇಸರ ತಂದಿತು. 2020ರಲ್ಲಿ ಟಿಕ್‌ಟಾಕ್‌ನಲ್ಲಿ ಹುಡುಗರು ಇದನ್ನು ಪೂರ್ತಿ ಕೇಳುವುದನ್ನೇ ಪಂದ್ಯ ಮಾಡಿಕೊಂಡರು, ಸರಿ. ಪತ್ರಿಕೆಯೂ ಅದನ್ನೇ ಹೇಳಬೇಕಾ?

ಇಂಗ್ಲೆಂಡಿನ ಲೇಲ್ಯಾಂಡ್ ಕರ್ಬಿ ‘ದಿ ಕೇರ್‌ಟೇಕರ್’ ಹೆಸರಿನಲ್ಲಿ 2016ರಿಂದ 2019ರವರೆಗೆ ಆರು ಕಂತುಗಳಲ್ಲಿ ಇದನ್ನು ಹೊರತಂದರು. ಒಂದೊಂದು ಕಂತು ಡಿಮೆನ್ಷಿಯಾದ, ಅಂದರೆ ನೆನಪು ಅಳಿಸಿಹೋಗುವ ಕಾಯಿಲೆಯ, ಒಂದೊಂದು ಹಂತ. ಒಟ್ಟು ಸುಮಾರು ಆರೂವರೆ ಗಂಟೆ. ಮೊದಲಿಗೆ ಹಳೇ ಗ್ರಾಮಫೋನ್ ತಟ್ಟೆಯ ಡ್ಯಾನ್ಸ್ ಹಾಡುಗಳು, ಕರಕರ ಸದ್ದಿನ ಜೊತೆ, ಕೇಳಲು ಹಿತವಾಗಿಯೇ ಇವೆ. ಅದೇ ರಾಗ ಆಮೇಲೆ ಸವೆದು ಬರುತ್ತದೆ, ನಡುವೆ ಕಡಿದುಹೋಗುತ್ತದೆ, ಇನ್ನೊಂದರ ಜೊತೆ ಕಲೆತುಹೋಗುತ್ತದೆ. ನಾಲ್ಕನೇ ಕಂತಿನಿಂದ ಒಂದೊಂದು ತುಣುಕೂ 20 ನಿಮಿಷ ದಾಟುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಅಂತಲೇ ತಿಳಿಯಲ್ಲ.

ಮೂರನೇ ಕಂತಿನಲ್ಲಿ ಒಂದು ರಾಗ ಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿಹೋಯಿತು. ನನಗೆ ಸಿಟ್ಟೇ ಬಂತು. ಆಗ ಅಮ್ಮ ನೆನಪಾದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ‘ಅದೇ ಕಣೋ, ಅದು...’ ಅಂತ ನಿಂತುಬಿಡುತ್ತಿದ್ದಳು. ತೀರಿಕೊಂಡು ಎಂಟು ವರ್ಷವಾದ ಅಪ್ಪನ ಬಗ್ಗೆ ‘ನಿಮ್ಮಪ್ಪ ಬಂದ್ರಾ?’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನೆಂಟರು ಅರಳುಮರಳು ಅಂತ ನಕ್ಕು ಸುಮ್ಮನಾಗುತ್ತಿದ್ದರು. ನಾನು ‘ಎಷ್ಟು ಸಲ ಹೇಳೋದಮ್ಮಾ’ ಅಂತ ರೇಗುತ್ತಿದ್ದೆ. ಈ ಸಂಗೀತ ಆಗಲೇ ಸಿಕ್ಕಿದ್ದರೆ ಅಷ್ಟು ರೇಗುತ್ತಿರಲಿಲ್ಲ ಅನಿಸುತ್ತದೆ.

ಇನ್ನೊಂದು ಮಾತು. ಕೊನೇ ಕಂತು ಬಹುಪಾಲು ಗುಂಯ್ ಅನ್ನುವ ಸದ್ದು. ಆದರೆ ಮುಗಿಯಲು ಕೆಲವೇ ನಿಮಿಷ ಇರುವಾಗ ಆ ಸದ್ದು ಸರಿದು ಹಾಡುವ ದನಿಗಳು ಕೇಳುತ್ತವೆ, ಆಮೇಲೆ ಒಂದು ನಿಮಿಷ ಪೂರ್ತಿ ಮೌನ. ಅದೇನು ಅಂತ ಕೇಳುಗರು ಈಗಲೂ ವಾದ ಮಾಡುತ್ತಾರೆ. ನನಗೆ ಮಾತ್ರ ಅದು ಗೊತ್ತಿರುವ ದನಿಯೇ. ನನ್ನ ಹೆಸರು ಮರೆತ ಮೇಲೂ ಅಮ್ಮ, ಪಕ್ಕದ ಮನೆಯವರು ದೇವರನಾಮ ಹಾಡಿದರೆ ಪಲ್ಲವಿಗೆ ಸರಿಯಾಗಿ ದನಿ ಸೇರಿಸುತ್ತಿದ್ದಳು, ಒಂದಕ್ಷರ ತಪ್ಪದೆ.

ಇನ್ನೊಮ್ಮೆ ಇದರ ಬಗ್ಗೆ ಬರೆಯುವುದಾದರೆ, ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವ ಯಾರಾದರೂ ಒಬ್ಬರ ಕೈಲಿ ಬರೆಸಿ.

ನಿಮ್ಮ ಓದುಗ,
ಶಿವಮೊಗ್ಗ