ಬರೀ ಧೈರ್ಯ ಹೇಳಿದರೆ ಸಾಲದು

ಎಲ್ಲರಿಗೂ ನಮಸ್ಕಾರ. ಮಂಗಳವಾರದ ಸಭೆಗೆ ಬರುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

ಖಿನ್ನತೆ ಇರುವವರ ಮನೆಗೆ ಹೋದಾಗ ನಾವು ಸುಮ್ನೆ ಧೈರ್ಯ ಹೇಳಿ ಬರುವುದೇ ಜಾಸ್ತಿ, ಅಲ್ವಾ? ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಗಾತ್ ಸಂಸ್ಥೆ ಬೇರೆ ದಾರಿಯನ್ನು ಪರೀಕ್ಷಿಸಿ ನೋಡಿದೆ. ಆರರಿಂದ ಎಂಟು ಭೇಟಿ. ನಡೆಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳಿಗೆ ಈ ನೆರವು ಪಡೆದ ರೋಗಿಗಳಲ್ಲಿ 64% ಜನ ಚೇತರಿಸಿಕೊಂಡಿದ್ದರು. ಮಾಮೂಲಿ ಆರೈಕೆಯಲ್ಲಿ ಇದು 39% ಮಾತ್ರ. ಇದನ್ನು ಓದಿದಾಗ ನನಗೆ ನಮ್ಮ ಆಶಾ ಅಕ್ಕಂದಿರೇ ನೆನಪಾದರು.

ಆ ಭೇಟಿಗಳಲ್ಲಿ ಮಾಡಿಸುವುದು ಇಷ್ಟು: ಕೈಬಿಟ್ಟ ಸಣ್ಣ ಕೆಲಸಗಳನ್ನು ಮತ್ತೆ ಶುರು ಮಾಡಿಸುವುದು. ಹೂ ಕಟ್ಟುವುದು, ಸಂಜೆ ಪಕ್ಕದ ಮನೆಗೆ ಹೋಗಿ ಬರುವುದು. ಖಿನ್ನತೆ ಇರುವವರು "ಮನಸ್ಸು ಸರಿಯಾದ ಮೇಲೆ ಮಾಡ್ತೀನಿ" ಅನ್ನುತ್ತಾರೆ. ಕಾಯಬೇಡಿ, ಮೊದಲು ಒಂದು ಕೆಲಸ, ಒಂದು ಹೊತ್ತು ಗೊತ್ತು ಮಾಡಿ. ಮುಂದಿನ ಭೇಟಿಯಲ್ಲಿ ಏನಾಯಿತು ಅಂತ ಕೇಳಿ. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯ (PHQ-9) ಅಂಕವನ್ನು ಪ್ರತಿ ಸಲ ಬರೆದಿಡಿ.

ಮಾತ್ರೆ ನಿಲ್ಲಿಸಲು ಯಾರಿಗೂ ಹೇಳಬೇಡಿ. ಸಾಯುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅಂದೇ ಡಾಕ್ಟರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ರಾತ್ರಿಯೂ ಇರುತ್ತದೆ.