ಬಗ್ಗಿ ಕಸ ಎತ್ತುವವರನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ವಿಭಾಗದಲ್ಲಿ ಒಬ್ಬರು ಕಸ ಎಳೆದುಕೊಳ್ಳುವ ಆಟೋಮ್ಯಾಟಿಕ್ ಮೊರದ ಬಗ್ಗೆ ಬರೆದಿದ್ದರು. ಪೊರಕೆ ಹಿಡಿದು ಗುಡಿಸುವುದಂತೂ ತಪ್ಪುವುದಿಲ್ಲ, ಗುಡಿಸಿದ ಕಸವನ್ನು ಮೊರಕ್ಕೆ ತುಂಬೋಕೂ ಕರೆಂಟು ಬೇಕಾ, ಇದು ಸೋಮಾರಿಗಳ ಆಟಿಕೆ ಅನ್ನುವುದು ಅವರ ವಾದ. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ನಾನು ಹಾಸನದಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿರುವವನು. ಆ ಯಂತ್ರ ನನ್ನ ಅಂಗಡಿಯಲ್ಲೇ ಇದೆ.

ನೋಡದವರಿಗೆ ಒಂದು ಮಾತು. ಇದು ಮನೆ ತುಂಬಾ ಓಡಾಡುವ ರೋಬೋ ಅಲ್ಲ. ಗೋಡೆ ಪಕ್ಕ ನಿಂತಲ್ಲೇ ನಿಲ್ಲುವ ಒಂದು ಡಬ್ಬ, ಅಷ್ಟೇ. ಕೆಳಗೆ ನೆಲಕ್ಕೆ ತಾಗಿದಂತೆ ಅಗಲವಾದ ಬಾಯಿ, ಅಲ್ಲೇ ಸೆನ್ಸರ್. ಕೂದಲನ್ನು ಪೊರಕೆಯಲ್ಲಿ ತಳ್ಳಿಕೊಂಡು ಹತ್ತಿರ ಹೋದರೆ ಸೆನ್ಸರ್‌ನ ಬೆಳಕು ಪೊರಕೆಗೆ ತಾಗಿ ವಾಪಸ್ ಹೋಗುತ್ತದೆ, ಮೋಟಾರ್ ಶುರುವಾಗುತ್ತದೆ. ಮಾಲ್‌ಗಳಲ್ಲಿ ಕೈ ಒಡ್ಡಿದರೆ ನಲ್ಲಿಯಲ್ಲಿ ನೀರು ಬರುತ್ತದಲ್ಲ, ಹಾಗೆ. ಕಸ ಒಳಗೆ ಹೋದ ಮೇಲೆ ಕೆಲವು ಸೆಕೆಂಡಿಗೆ ತಾನೇ ನಿಲ್ಲುತ್ತದೆ.

ಪತ್ರ ಬರೆದವರು ದಿನಕ್ಕೆ ಒಂದೋ ಎರಡೋ ಸಲ ಮನೆ ಗುಡಿಸುವವರಿರಬೇಕು. ಅವರಿಗೆ ಮೊರ ಹಿಡಿಯುವುದು ಒಂದು ಕೆಲಸ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಒಬ್ಬೊಬ್ಬ ಗಿರಾಕಿ ಎದ್ದಾಗಲೂ ಕುರ್ಚಿ ಸುತ್ತ ಗುಡಿಸಬೇಕು. ಭಾನುವಾರ ಬೆಳಿಗ್ಗೆ ಬಂದು ನೋಡಿ. ಬೆಂಚಿನ ಮೇಲೆ ಜನ ಕಾಯುತ್ತಿರುತ್ತಾರೆ, ಹಿಂದಿನವರ ಕೂದಲ ಮೇಲೆ ಕಾಲಿಟ್ಟು ಕೂರೋಕೆ ಯಾರಿಗೂ ಇಷ್ಟವಿಲ್ಲ. ಬೆಳಿಗ್ಗೆಯಿಂದ ನಿಂತೇ ಇರುವ ಸೊಂಟ, ಮೇಲೆತ್ತಿಯೇ ಇರುವ ಕೈ. ಅದರ ಮೇಲೆ ಗಿರಾಕಿಗೊಂದು ಸಲ ಕೂತು ಏಳಬೇಕು.

ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ದಪ್ಪ ಕೂದಲು ಮೊರಕ್ಕೆ ಬಂದುಬಿಡುತ್ತದೆ. ಟ್ರಿಮ್ಮರ್‌ನಲ್ಲಿ ಗಡ್ಡ ತೆಗೆದಾಗ ಉದುರುತ್ತದಲ್ಲ, ಹಿಟ್ಟಿನಷ್ಟು ಸಣ್ಣಗೆ, ಅದು ಬರಲ್ಲ. ಮೊರದ ಅಂಚಿನ ಮುಂದೆ ಒಂದು ಗೆರೆ ಹಾಗೇ ಉಳಿಯುತ್ತದೆ. ಮೊರ ಹಿಂದೆ ಸರಿಸಿ ಮತ್ತೆ ಗುಡಿಸಿದರೆ ಇನ್ನೊಂದು ತೆಳು ಗೆರೆ. ಕೊನೆಗೆ ಬೇಜಾರಾಗಿ ಹುಡುಗರು ಅದನ್ನು ಕುರ್ಚಿ ಕೆಳಗೆ ತಳ್ಳಿಬಿಡುತ್ತಾರೆ. ಇಷ್ಟೂ ಹೊತ್ತು ಫ್ಯಾನ್ ಆಫ್. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿದರೆ ಗಿರಾಕಿಗಳ ಮುಖ ನೋಡಬೇಕು ನೀವು.

ಆ ಸಣ್ಣ ಕೂದಲನ್ನು ಹಗುರವಾಗಿ ನೋಡಬೇಡಿ. ಕತ್ತರಿಸಿದ ಕೂದಲಿನ ತುದಿ ಚೂಪು. ಚಪ್ಪಲಿ ಬಿಟ್ಟು ಓಡಾಡಿದರೆ ಅಂಗಾಲಿಗೆ ಚುಚ್ಚುತ್ತದೆ. ಬೆರಳ ಸಂದಿಯ ಮೆತ್ತಗಿನ ಚರ್ಮಕ್ಕೆ ಹೊಕ್ಕು ಅಲ್ಲೇ ಉಳಿದರೆ ಊತ, ಕೀವು. ವೈದ್ಯರ ಪುಸ್ತಕಗಳಲ್ಲಿ ಇದನ್ನು ಕ್ಷೌರಿಕರ ಕಾಯಿಲೆ ಅಂತಲೇ ಬರೆದಿದ್ದಾರೆ. ನಮ್ಮ ಕಸುಬಿನ ಹೆಸರಲ್ಲಿ ಒಂದು ಬಿರುದು ಇಲ್ಲದಿದ್ದರೇನು, ಕಾಯಿಲೆಯಾದರೂ ಇದೆ!

ಯಂತ್ರ ಬಂದ ಮೇಲೆ ಉಳಿದ ಬದಲಾವಣೆಗಳಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಆ ಗೆರೆ ಹೋದದ್ದು. ಬಾಯಿಯ ಹತ್ತಿರ ಬಂದದ್ದೆಲ್ಲ ಒಳಗೆ. ನಮ್ಮ ಅಂಗಡಿಯಲ್ಲಿ ಉತ್ತರ ಪ್ರದೇಶದ ಹುಡುಗನೊಬ್ಬ ಇದ್ದಾನೆ, ಕನ್ನಡ ನನಗಿಂತ ಜೋರು. ಮೊದಲ ದಿನ ಅವನು ಯಂತ್ರದ ಮುಂದೆ ಪೊರಕೆ ಆಡಿಸಿಕೊಂಡೇ ನಿಂತಿದ್ದ. ‘ಅಣ್ಣ, ಇದಕ್ಕೆ ಇನ್ನೂ ಹಸಿವಿದೆ’ ಅಂದ.

ಸೋಮಾರಿತನದ ಮಾತಿಗೆ ಬರುತ್ತೇನೆ. ಬಗ್ಗದೆ ಕಸ ಎತ್ತುವ ಆಸೆ ಇವತ್ತಿನದಲ್ಲ. ಅಮೆರಿಕದಲ್ಲಿ ಲಾಯ್ಡ್ ರೇ ಎಂಬ ಕಪ್ಪು ಜನಾಂಗದ ವ್ಯಕ್ತಿ 1897ರಲ್ಲೇ ಉದ್ದ ಹಿಡಿಯ ಮೊರಕ್ಕೆ ಪೇಟೆಂಟ್ ಪಡೆದಿದ್ದರು. ಕಸ ಹೀರುವ ಯಂತ್ರದ ಕಥೆ ಇನ್ನೂ ಚೆನ್ನಾಗಿದೆ. ಓಹಾಯೋದ ಕ್ಯಾಂಟನ್ ಊರಿನ ಒಂದು ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬರು ಸ್ವಚ್ಛತೆ ಕೆಲಸಕ್ಕಿದ್ದರು. ಅವರಿಗೆ ಆಸ್ತಮಾ. ಕಾರ್ಪೆಟ್ ಗುಡಿಸಿದಾಗ ಎದ್ದ ಧೂಳಿಗೆ ಕೆಮ್ಮು. ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಇವನ್ನೆಲ್ಲ ಸೇರಿಸಿ ತಾವೇ ಒಂದು ಯಂತ್ರ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡದ್ದು ಚರ್ಮದ ಸಾಮಾನು ಮಾಡುತ್ತಿದ್ದ ಹೂವರ್ ಮನೆತನ. ಆಮೇಲೆ ಇಂಗ್ಲೆಂಡಿನಲ್ಲಿ ಕಸ ಹೀರುವ ಯಂತ್ರಕ್ಕೇ ಹೂವರ್ ಅನ್ನುವಷ್ಟು ಆ ಹೆಸರು ಬೆಳೆಯಿತು. ಗುಡಿಸುತ್ತಿದ್ದವರ ಹೆಸರು ಯಾರಿಗೂ ನೆನಪಿಲ್ಲ, ಅದು ಬೇರೆ ಮಾತು. ಕೆಮ್ಮುತ್ತಾ ಮಹಡಿ ಮಹಡಿ ಗುಡಿಸುತ್ತಿದ್ದ ಆ ಮನುಷ್ಯನನ್ನು ಸೋಮಾರಿ ಅನ್ನೋಕಾಗುತ್ತಾ?

ಹಾಗಂತ ಇದು ದೋಷವಿಲ್ಲದ ಯಂತ್ರ ಅಂತ ನಾನು ಹೇಳುತ್ತಿಲ್ಲ. ಬೆಲೆ ಜಾಸ್ತಿ. ಒಂದು ಹೊಸ ಸಲೂನ್ ಕುರ್ಚಿ ತರುವಷ್ಟು ದುಡ್ಡು ಇದಕ್ಕೆ ಹೋಯಿತು. ಸದ್ದೂ ಇದೆ. ರೇಡಿಯೋದಲ್ಲಿ ಹಾಡು ಕೇಳುತ್ತಾ ಕಣ್ಣು ಮುಚ್ಚಿದ್ದ ಗಿರಾಕಿಗಳು ಬೆಚ್ಚಿ ಬಿದ್ದದ್ದಿದೆ. ನಮ್ಮ ಕೈಯಲ್ಲಿ ಕ್ಷೌರದ ಕತ್ತಿ ಇರುವಾಗ ಹುಡುಗರು ಗುಡಿಸದ ಹಾಗೆ ನೋಡಿಕೊಳ್ಳಬೇಕು. ಪ್ಲಗ್ ಹತ್ತಿರವೇ ಇಡಬೇಕು. ಕರೆಂಟು ಹೋದರೆ ಮತ್ತೆ ಹಳೇ ಮೊರವೇ ಗತಿ. 1,400 ವಾಟ್ ಎಳೆಯುವ ಮೋಟಾರನ್ನು ನಮ್ಮಂಥ ಅಂಗಡಿಯ ಸಣ್ಣ ಇನ್ವರ್ಟರ್ ತಡೆಯುವುದಿಲ್ಲ.

ಕರೆಂಟ್ ಬಿಲ್ಲಿನ ಭಯ ಮಾತ್ರ ಬೇಡ. ಒಂದು ಸಲಕ್ಕೆ 5 ಸೆಕೆಂಡು, ದಿನಕ್ಕೆ 60 ಸಲ ಓಡಿತು ಅಂತ ಇಟ್ಟುಕೊಳ್ಳಿ. ಒಟ್ಟು 5 ನಿಮಿಷ. ಒಂದು ಯೂನಿಟ್ ಆಗಬೇಕಾದರೆ ಎಂಟು ದಿನಕ್ಕಿಂತ ಜಾಸ್ತಿ ಬೇಕು.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಡುತ್ತೇನೆ ಅಂದರೆ ಹೂಂ ಅನ್ನುವ ಮೊದಲು ಯೋಚಿಸಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಹಾಗೇ ಚುಚ್ಚಿದರೆ ಮೋಟಾರ್ ಸುಟ್ಟು ಹೋಗುತ್ತದೆ. ಇಷ್ಟು ವಾಟ್‌ಗೆ ತಕ್ಕ ಟ್ರಾನ್ಸ್‌ಫಾರ್ಮರ್ ತಂದರೆ ಅದನ್ನು ಎತ್ತಿಡೋಕೇ ಒಬ್ಬ ಆಳು ಬೇಕು.

ಪೊರಕೆಯನ್ನೂ ಬದಲಾಯಿಸಬೇಕಾಯಿತು. ಮೇಘಾಲಯದ ಕಡೆಯಿಂದ ಬರುವ ಹುಲ್ಲಿನ ಪೊರಕೆ ನನಗೆ ಇಷ್ಟ, ಕೈಗೆ ಹಗುರ. ಆದರೆ ಹೊಸದರಲ್ಲಿ ಅದರ ಹುಡಿ ಉದುರುತ್ತಲೇ ಇರುತ್ತದೆ, ಅದೆಲ್ಲ ಯಂತ್ರದ ಫಿಲ್ಟರಿಗೆ ಹೋಗಿ ಕೂರುತ್ತದೆ. ಹಾಗಾಗಿ ಉದ್ದ ಕೋಲಿನ ಪ್ಲಾಸ್ಟಿಕ್ ಪೊರಕೆ ತಂದೆವು. ಫಿಲ್ಟರ್ ಕಟ್ಟಿಕೊಂಡರೆ ಎಳೆಯುವ ಶಕ್ತಿ ಹೋಗುತ್ತದೆ. ಹರಿದಿದ್ದರೆ ಒಳಗೆ ಹೋದ ಧೂಳು ಹಿಂದಿನಿಂದ ಅಂಗಡಿಗೇ ವಾಪಸ್. ನಮ್ಮಲ್ಲಿ ರಾತ್ರಿ ಬಾಗಿಲು ಹಾಕುವ ಮೊದಲು ಡಬ್ಬ ಖಾಲಿ ಮಾಡುತ್ತೇವೆ, ಮಂಗಳವಾರ ರಜೆಯ ದಿನ ಫಿಲ್ಟರ್ ಕೊಡವುತ್ತೇವೆ. ನೀರು, ಶೇವಿಂಗ್ ನೊರೆ ಒರೆಸಿದ ಕಾಗದ ಇದರ ಬಾಯಿಗೆ ಹೋಗಬಾರದು. ಅರ್ಧ ಬ್ಲೇಡ್ ಅಂತೂ ಬೇಡವೇ ಬೇಡ. ಅದಕ್ಕೆ ಮುಚ್ಚಳವಿರುವ ಬೇರೆ ಡಬ್ಬ ಇಡಿ. ಯಂತ್ರ ಇದೆ ಅಂತ ಅಲ್ಲ, ಯಾವತ್ತೂ ಇಡಬೇಕಾದದ್ದೇ. ನಮ್ಮ ಕಸವನ್ನು ಕೈಯಲ್ಲಿ ಎತ್ತುವವರು ಪೌರಕಾರ್ಮಿಕರು.

ಡಬ್ಬದಲ್ಲಿ ಬರೀ ಕೂದಲು ಸೇರುವುದರಿಂದ ಇನ್ನೊಂದು ಅನುಕೂಲವಾಗಿದೆ. ಸಕಲೇಶಪುರ, ಆಲೂರು ಕಡೆಯ ರೈತರು ಕೂದಲು ಕೇಳಿಕೊಂಡು ಬರುತ್ತಾರೆ. ಹೊಲದ ಬದುವಿಗೆ ಚೆಲ್ಲಿದರೆ ಮೂಸಿಕೊಂಡು ಬರುವ ಕಾಡುಹಂದಿಯ ಮೂಗಿಗೆ ಕೂದಲು ಹೋಗಿ ವಾಪಸ್ ಓಡುತ್ತದೆ ಅನ್ನುವುದು ಅವರ ಲೆಕ್ಕ. ಮೊದಲು ಬೀಡಿ ತುಂಡು, ಟೀ ಕಪ್ಪು ಎಲ್ಲ ಬೆರೆತ ಚೀಲ ಕೊಡೋಕೆ ನನಗೇ ಮುಜುಗರ. ಈಗ ಹುಡುಗರು ಬೇರೆ ಕಸವನ್ನು ಕೈಯಲ್ಲೇ ಆರಿಸಿ ಬುಟ್ಟಿಗೆ ಹಾಕಿ ಕೂದಲನ್ನಷ್ಟೇ ಯಂತ್ರಕ್ಕೆ ತಳ್ಳುತ್ತಾರೆ.

ಇದರಿಂದ ಕೆಲಸದವರ ಹೊಟ್ಟೆ ಮೇಲೆ ಹೊಡೆದಂತೆ ಅಂತಲೂ ಆ ಪತ್ರದಲ್ಲಿತ್ತು. ನಮ್ಮಲ್ಲಿ ಯಾರ ಕೆಲಸವೂ ಹೋಗಿಲ್ಲ. ಗುಡಿಸುವ ಹುಡುಗನೇ ಗುಡಿಸುತ್ತಾನೆ. ಕುಕ್ಕರಗಾಲಲ್ಲಿ ಕೂರುವುದು ತಪ್ಪಿದೆ, ಅಷ್ಟೇ. ದೀಪ ಹಚ್ಚಿದ ಮೇಲೆ ಗುಡಿಸಬಾರದು ಅನ್ನುವ ಹಿರಿಯರೊಬ್ಬರು ನಮ್ಮ ಗಿರಾಕಿ. ಅವರಿಗೆ ಈಗ ಒಂದೇ ಅನುಮಾನ: ಯಂತ್ರ ಎಳೆದುಕೊಂಡರೆ ಲಕ್ಷ್ಮಿ ಹೊರಗೆ ಹೋದಂತೋ, ಡಬ್ಬದೊಳಗೇ ಉಳಿದಂತೋ? ಉತ್ತರ ಗೊತ್ತಿರುವವರು ನಿಮ್ಮ ಪತ್ರಿಕೆಗೇ ಬರೆದು ತಿಳಿಸಲಿ.

ಎಲ್ಲರೂ ಇದನ್ನೇ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದು ಕುರ್ಚಿಯ ಅಂಗಡಿಯವರಿಗೆ, ಮಂಡಿನೋವಿನ ಹಿರಿಯರಿರುವ ಮನೆಗಳಿಗೆ ಉದ್ದ ಹಿಡಿಯ ಮೊರವೇ ಸಾಕು. ಆಸ್ಪತ್ರೆ, ರೈಲ್ವೆ ಸ್ಟೇಷನ್‌ಗಳಲ್ಲಿ ನಿಂತುಕೊಂಡೇ ಕಸ ತುಂಬುತ್ತಾರಲ್ಲ, ಅದು. ನಮ್ಮ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಲ್ಲಿ ಕೇಳಿದರೆ ಮಾತ್ರ ಗೇಣುದ್ದದ ಮೊರವನ್ನೇ ತೋರಿಸುತ್ತಾರೆ.

ಇನ್ನು ಈ ಕರೆಂಟಿನ ಯಂತ್ರದ ವಿಷಯ. ಒಂದು ಮೋಟಾರು, ಒಂದು ಸೆನ್ಸರ್, ಒಂದು ಫಿಲ್ಟರ್, ಒಂದು ಡಬ್ಬ. ಪೀಣ್ಯದಲ್ಲಿ, ಹುಬ್ಬಳ್ಳಿಯಲ್ಲಿ ಇದಕ್ಕಿಂತ ಕಷ್ಟದ್ದನ್ನು ದಿನಾ ಮಾಡುವ ಸಣ್ಣ ಕಾರ್ಖಾನೆಗಳಿವೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ನನ್ನ ಬೇಡಿಕೆ ಇಷ್ಟು: ಸದ್ದು ಸ್ವಲ್ಪ ಕಡಿಮೆ ಇರಲಿ. ಸಣ್ಣ ಇನ್ವರ್ಟರ್‌ನಲ್ಲೂ ಓಡುವಂಥ ಮೋಟಾರ್ ಇರಲಿ. ತೊಳೆದು ಹಾಕುವ ಫಿಲ್ಟರ್ ಬಿಡಿಯಾಗಿ ಹಾಸನದಲ್ಲೇ ಸಿಗಲಿ. ಕೆಟ್ಟರೆ ನಮ್ಮೂರಿನ ಮಿಕ್ಸಿ ರಿಪೇರಿಯವರೂ ಬಿಚ್ಚಿ ನೋಡುವ ಹಾಗಿರಲಿ. ಮಾಡಿದವರು ಮಂಗಳವಾರ ಬಿಟ್ಟು ಯಾವತ್ತಾದರೂ ನಮ್ಮ ಅಂಗಡಿಗೆ ತರಲಿ, ಓಡಿಸಿ ನೋಡಿ ಹೇಳುತ್ತೇವೆ. ಕಟಿಂಗ್ ನನ್ನ ಕಡೆಯಿಂದ.

ಇತಿ,
ಒಬ್ಬ ಸಲೂನ್ ಮಾಲೀಕ, ಹಾಸನ